‘ಪೋಸ್ಟ್ ಪ್ರಾಬ್ಲಂ’ ಹಿಂದಿರುವ ಪೋಸ್ಟ್ ಯಾರು? ಎಮಿಲ್ ಪೋಸ್ಟ್ ಅವರ ವೃತ್ತಿಜೀವನದ ಬಗ್ಗೆ

ಪ್ರಶ್ನೆ: ಗಣಿತ ಉಪನ್ಯಾಸಕ, ರಾಯಚೂರು

ನಾನು ರಾಯಚೂರಿನ ಒಂದು ಪದವಿ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಈ ಸೆಮಿಸ್ಟರಿನಲ್ಲಿ ಬಿಸಿಎ ವಿದ್ಯಾರ್ಥಿಗಳ ಥಿಯರಿ ಆಫ್ ಕಂಪ್ಯುಟೇಶನ್ ಪಾಠವೂ ನನ್ನ ಪಾಲಿಗೆ ಬಂದಿದೆ. ಕಳೆದ ವಾರ ಕೊನೆಯ ಘಟಕಕ್ಕೆ ಬಂದು ‘ಪೋಸ್ಟ್ ಕರೆಸ್ಪಾಂಡೆನ್ಸ್ ಪ್ರಾಬ್ಲಂ’ ಎಂದು ಹಲಗೆಯ ಮೇಲೆ ಬರೆದಾಗ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಇದು ಅಂಚೆ ಕಚೇರಿಯ ಪತ್ರವ್ಯವಹಾರಕ್ಕೆ ಸಂಬಂಧಪಟ್ಟದ್ದೇ?’ ಎಂದು ಕೇಳಿದಳು. ತರಗತಿ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಪೋಸ್ಟ್ ಎಂದರೂ ಅಂಚೆ, ಕರೆಸ್ಪಾಂಡೆನ್ಸ್ ಎಂದರೂ ಪತ್ರವ್ಯವಹಾರ. ಅವಳು ಹಾಗೆ ಊಹಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೊಬ್ಬ ಗಣಿತಜ್ಞರ ಹೆಸರು ಎಂದಷ್ಟೇ ಹೇಳಿ ಪಾಠ ಮುಂದುವರಿಸಿದೆ. ಅದಕ್ಕಿಂತ ಹೆಚ್ಚು ನನಗೂ ತಿಳಿದಿರಲಿಲ್ಲ ಎಂಬುದು ನಿಜವಾದ ಕಾರಣ.

ಮನೆಗೆ ಬಂದು ಹುಡುಕಿ ಓದಿದಾಗ ಒಂದು ವಿವರ ನನ್ನನ್ನು ಹಿಡಿದು ನಿಲ್ಲಿಸಿತು. ಈ ಎಮಿಲ್ ಪೋಸ್ಟ್ ಎಂಬವರು ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ವಾರಕ್ಕೆ 16 ಗಂಟೆ ಪಾಠ ಮಾಡುತ್ತಿದ್ದರಂತೆ. ಯುಜಿಸಿ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕನಾದ ನನಗಿರುವುದೂ ಅಷ್ಟೇ. ಆ ಹೊರೆಯನ್ನು ಹೊತ್ತುಕೊಂಡು, ಅದರ ಮೇಲೆ ಆರೋಗ್ಯವೂ ಕೈಕೊಟ್ಟಿದ್ದಾಗ, ಗಣನೆಯ ಬುನಾದಿಯನ್ನೇ ಕುರಿತ ಕೆಲಸವನ್ನು ಅವರು ಹೇಗೆ ಮಾಡಿದರು ಎಂಬುದು ನನ್ನ ಮೊದಲ ಪ್ರಶ್ನೆ. ನಿಯಮಬದ್ಧ ಗಣಿತ ವ್ಯವಸ್ಥೆಯೊಳಗೆ ಸಾಧಿಸಲಾಗದ ಸತ್ಯವಾಕ್ಯಗಳು ಉಳಿದೇ ಇರುತ್ತವೆ ಎನ್ನುವ, ಗೋಡೆಲ್ ಅವರ ಅಪೂರ್ಣತೆಯ ಪ್ರಮೇಯವನ್ನು ಇವರು ಹತ್ತು ವರ್ಷ ಮೊದಲೇ ಕಂಡಿದ್ದರು ಎಂದು ಕೆಲವೆಡೆ ಬರೆದಿದ್ದಾರೆ. ಅದನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು? ಕೊನೆಯದಾಗಿ, ಪೋಸ್ಟ್ ಕರೆಸ್ಪಾಂಡೆನ್ಸ್ ಪ್ರಾಬ್ಲಂಗೆ ಯಾವ ಪ್ರೋಗ್ರಾಮೂ ಉತ್ತರ ಕೊಡಲಾರದು ಎಂಬುದನ್ನು ಮಕ್ಕಳ ಕೈಗೇ ಕೊಟ್ಟು ತೋರಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅದರ ಸಾಧನೆಯನ್ನು (ಪ್ರೂಫ್) ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುವುದು ಅವರಿಗೆ ಚೆನ್ನಾಗಿಯೇ ಬರುತ್ತದೆ. ನನಗೆ ಬೇಕಾದದ್ದು ಅದಲ್ಲ.

ಉತ್ತರ 1: ನಿವೃತ್ತ ಮೇಷ್ಟ್ರು, ಬಳ್ಳಾರಿ

ಸರ್, ನಮಸ್ಕಾರ. ನಿಮ್ಮ ಮೊದಲ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಎರಡನೆಯದಕ್ಕೆ ಇಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲವರಿದ್ದಾರೆ.

ಪೋಸ್ಟ್ ಹುಟ್ಟಿದ್ದು 1897ರಲ್ಲಿ, ಆಗಸ್ಟೋವ್ ಎಂಬ ಊರಿನ ಒಂದು ಯಹೂದಿ ಕುಟುಂಬದಲ್ಲಿ. ಆ ಊರು ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. 1904ರಲ್ಲಿ ಕುಟುಂಬ ನ್ಯೂಯಾರ್ಕಿಗೆ ಬಂತು. ಹುಡುಗನಿಗೆ ಖಗೋಳವಿಜ್ಞಾನದ ಹುಚ್ಚಿತ್ತು. ಆದರೆ ಹನ್ನೆರಡರ ಆಸುಪಾಸಿನಲ್ಲಿ ಕಾರಿನ ಅಪಘಾತವೊಂದರಲ್ಲಿ ಎಡಗೈಯನ್ನು ಕಳೆದುಕೊಂಡ ಮೇಲೆ, ದೂರದರ್ಶಕಗಳನ್ನು ತಿರುಗಿಸುತ್ತ ಮಾಡುವ ಆ ವೃತ್ತಿ ಕೈಗೆಟುಕದು ಎಂಬ ತೀರ್ಮಾನಕ್ಕೆ ಬಂದು ಗಣಿತದ ಕಡೆಗೆ ಹೊರಳಿದರು. 1917ರಲ್ಲಿ ಸಿಟಿ ಕಾಲೇಜಿನಿಂದ ಪದವಿ, 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ. ರಸೆಲ್ ಮತ್ತು ವೈಟ್‌ಹೆಡ್ ಅವರ ‘ಪ್ರಿನ್ಸಿಪಿಯಾ ಮ್ಯಾಥಮೆಟಿಕಾ’ದಲ್ಲಿ ವಾಕ್ಯಗಳನ್ನು ‘ಅಥವಾ’, ‘ಅಲ್ಲ’ ಎಂದು ಜೋಡಿಸುವ ಭಾಗವಿದೆಯಲ್ಲ, ಆ ಭಾಗದಲ್ಲಿ ಸದಾ ಸತ್ಯವಾಗಿರುವ ವಾಕ್ಯಗಳೆಲ್ಲವೂ ನಿಯಮಗಳಿಂದ ಸಿದ್ಧವಾಗುತ್ತವೆ, ಬೇರಾವುದೂ ಸಿದ್ಧವಾಗುವುದಿಲ್ಲ ಎಂದು ಅವರ ಪ್ರಬಂಧ ತೋರಿಸಿತು. ನಿಮ್ಮ ವಿದ್ಯಾರ್ಥಿಗಳು ಮೊದಲ ಸೆಮಿಸ್ಟರಿನಲ್ಲಿ ಟಿ ಮತ್ತು ಎಫ್ ತುಂಬುತ್ತ ಬರೆಯುವ ಸತ್ಯಕೋಷ್ಟಕ ಆ ಪ್ರಬಂಧದಲ್ಲಿ ಬಳಕೆಯಾದ ಸಾಧನ. ಅಂಚೆಯ ಪ್ರಶ್ನೆ ಕೇಳಿದ ಆ ಹುಡುಗಿಗೆ ಇದನ್ನು ಹೇಳಿ: ಅವಳು ಪೋಸ್ಟ್ ಅವರನ್ನು ಮೊದಲ ವರ್ಷವೇ ಭೇಟಿಯಾಗಿದ್ದಾಳೆ.

ಅಲ್ಲಿಂದ ಒಂದು ವರ್ಷ ಪ್ರಿನ್ಸ್‌ಟನ್. ವೃತ್ತಿ ಸರಾಗವಾಗಿ ಸಾಗಬೇಕಿದ್ದ ಆ ಹೊತ್ತಿಗೆ ಕಾಯಿಲೆ ಬಂತು. ಉನ್ಮಾದ ಮತ್ತು ಖಿನ್ನತೆ ಒಂದರ ಹಿಂದೊಂದು ಬರುವ ಆ ಕಾಯಿಲೆ ಅವರನ್ನು ಜೀವನಪೂರ್ತಿ ಬಿಡಲಿಲ್ಲ. ಹೊಸ ಶೋಧದ ಉತ್ಸಾಹವೇ ಅದನ್ನು ಕೆರಳಿಸುತ್ತಿತ್ತು ಎಂಬುದು ಎಂಥ ಇಕ್ಕಟ್ಟು ಎಂದು ಯೋಚಿಸಿ ನೋಡಿ. ಎಷ್ಟೋ ವರ್ಷ ನ್ಯೂಯಾರ್ಕಿನ ಹೈಸ್ಕೂಲುಗಳಲ್ಲಿ ಪಾಠ ಹೇಳಿದರು. ಸಿಟಿ ಕಾಲೇಜಿನ ಕೆಲಸ ನೆಲೆಯಾಗಿ ನಿಂತದ್ದು 1935ರಲ್ಲಿ, ಅಂದರೆ ಅವರಿಗೆ 38 ತುಂಬಿದ ಮೇಲೆ.

ಈಗ ನೀವು ಕೇಳಿದ ವಿಷಯ. ಅಲ್ಲಿ ಅಧ್ಯಾಪಕರಿಗೆ ಪ್ರತ್ಯೇಕ ಕೊಠಡಿಗಳಿರಲಿಲ್ಲ. ಒಂದೇ ದೊಡ್ಡ ಕೋಣೆ, ನಡುವೆ ಒಂದು ದೊಡ್ಡ ಮೇಜು. ನಮ್ಮ ಸ್ಟಾಫ್ ರೂಮಿನಂತೆಯೇ ಎಂದುಕೊಳ್ಳಿ. ಆದ್ದರಿಂದ ಸಂಶೋಧನೆಯೆಲ್ಲ ಮನೆಯಲ್ಲೇ ನಡೆಯಬೇಕಿತ್ತು, ಅದೂ ಚಿಕ್ಕ ಮನೆ. ಆರೋಗ್ಯದ ದೃಷ್ಟಿಯಿಂದ ಅವರು ದಿನಕ್ಕೆ ಮೂರೇ ಗಂಟೆ ಎಂದು ಲೆಕ್ಕ ಹಾಕಿಕೊಂಡಿದ್ದರು: ಸಂಜೆ 4ರಿಂದ 5, ಮತ್ತೆ ರಾತ್ರಿ 7ರಿಂದ 9. ಒಂಬತ್ತಾದರೆ, ಯೋಚನೆ ಎಲ್ಲಿಗೇ ಬಂದಿರಲಿ, ನಿಲ್ಲಿಸಬೇಕು. ಆ ಹೊತ್ತಿನಲ್ಲಿ ಮಗಳು ಸದ್ದು ಮಾಡದೆ ಇರಬೇಕಿತ್ತು. ಹೆಂಡತಿ ಗರ್ಟ್ರೂಡ್ ಅವರು ಅವರ ಹಸ್ತಪ್ರತಿಗಳನ್ನೂ ಪತ್ರಗಳನ್ನೂ ಟೈಪ್ ಮಾಡಿಕೊಡುತ್ತಿದ್ದರು, ಮನೆಯ ಹಣಕಾಸನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಇಂಥ ಮನೆಗಳನ್ನು ನಾನು ಬಲ್ಲೆ. ಯಜಮಾನರ ಹೆಸರಿನ ಕೆಲಸದಲ್ಲಿ ಅರ್ಧ ಲೆಕ್ಕ ಮನೆಯವರದ್ದಿರುತ್ತದೆ.

ಆ ಮೂರು ಗಂಟೆಗಳಲ್ಲಿ ಬಂದದ್ದನ್ನು ನೋಡಿ. 1936ರಲ್ಲಿ ಒಂದು ಪುಟ್ಟ ಲೇಖನ. ಅದರಲ್ಲಿ ಎರಡೂ ಕಡೆ ಕೊನೆಯಿಲ್ಲದೆ ಸಾಗುವ ಪೆಟ್ಟಿಗೆಗಳ ಸಾಲು, ಅದರಲ್ಲಿ ಒಬ್ಬ ಕೆಲಸಗಾರ. ಅವನು ತಾನಿರುವ ಪೆಟ್ಟಿಗೆಗೆ ಗುರುತು ಹಾಕಬಲ್ಲ, ಗುರುತು ಅಳಿಸಬಲ್ಲ, ಬಲಕ್ಕೆ ಒಂದು ಹೆಜ್ಜೆ, ಎಡಕ್ಕೆ ಒಂದು ಹೆಜ್ಜೆ ಇಡಬಲ್ಲ, ಗುರುತಿದೆಯೇ ಇಲ್ಲವೇ ಎಂದು ನೋಡಬಲ್ಲ. ಅಷ್ಟೇ. ಯಾವ ಲೆಕ್ಕವಾದರೂ ಇಷ್ಟರಲ್ಲೇ ಆಗುತ್ತದೆ ಎಂಬುದು ಅವರ ಊಹೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ಟ್ಯೂರಿಂಗ್ ಎಂಬ ತರುಣ ಲೆಕ್ಕ ಮಾಡುವ ತನ್ನ ಕಾಲ್ಪನಿಕ ಯಂತ್ರವನ್ನು ಬರೆದಿಟ್ಟಿದ್ದ. ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ಪೋಸ್ಟ್ ಅವರ ಲೇಖನ ಸ್ವತಂತ್ರವಾಗಿ ಬರೆದದ್ದು ಎಂದು ಪತ್ರಿಕೆಯ ಸಂಪಾದಕರಾಗಿದ್ದ ಅಲೊಂಜೊ ಚರ್ಚ್ ಟಿಪ್ಪಣಿಯನ್ನೇ ಹಾಕಿದರು. 1944ರಲ್ಲಿ ಅವರು ಎತ್ತಿದ ಒಂದು ಪ್ರಶ್ನೆ, ಅಂದರೆ ಯಂತ್ರದಿಂದ ತೀರ್ಮಾನಿಸಲಾಗದ ಸಮಸ್ಯೆಗಳಲ್ಲೂ ಕಷ್ಟದ ಮೆಟ್ಟಿಲುಗಳಿವೆಯೇ ಎಂಬುದು, ಮುಂದೆ ಒಂದು ಶಾಖೆಯೇ ಆಯಿತು. 1946ರಲ್ಲಿ ನಿಮ್ಮ ಸಿಲಬಸ್ಸಿನ ಸಮಸ್ಯೆ. 1947ರಲ್ಲಿ, ಕೊಟ್ಟ ನಿಯಮಗಳಿಂದ ಅಕ್ಷರಗಳ ಒಂದು ಸಾಲನ್ನು ಇನ್ನೊಂದಾಗಿ ಬದಲಿಸಬಹುದೇ ಎಂದು ತೀರ್ಮಾನಿಸುವ ವಿಧಾನವಿದೆಯೇ ಎಂದು ಥೂ ಎಂಬವರು 1914ರಲ್ಲಿ ಕೇಳಿದ್ದ ಪ್ರಶ್ನೆಗೆ, ಇಲ್ಲ ಎಂಬ ಉತ್ತರ. ಅದನ್ನೇ ಅದೇ ವರ್ಷ ಸೋವಿಯತ್ ಒಕ್ಕೂಟದಲ್ಲಿ ಮಾರ್ಕೋವ್ ಕೂಡ ಸಾಧಿಸಿದರು. 1954ರ ಏಪ್ರಿಲಿನಲ್ಲಿ, ಆಸ್ಪತ್ರೆಯಲ್ಲಿ ವಿದ್ಯುತ್ ಆಘಾತ ಚಿಕಿತ್ಸೆಯ ಬಳಿಕ ಹೃದಯಾಘಾತವಾಗಿ ತೀರಿಕೊಂಡಾಗ ಅವರಿಗೆ 57.

ತರಗತಿಯಲ್ಲಿ ಅವರು ಬಹಳ ಬಿಗಿ ಎಂದು ಅವರ ಬಳಿ ಓದಿದ ಮಾರ್ಟಿನ್ ಡೇವಿಸ್ ನೆನಪಿಸಿಕೊಂಡಿದ್ದಾರೆ. ಪದವಿ ಓದುವಾಗ ಪೋಸ್ಟ್ ಅವರ ಶಿಷ್ಯನಾಗಿದ್ದ ಈ ಡೇವಿಸ್, ಹಿಲ್ಬರ್ಟ್ ಅವರ ಹತ್ತನೆಯ ಸಮಸ್ಯೆಗೆ (ಒಂದು ಸಮೀಕರಣಕ್ಕೆ ಪೂರ್ಣಾಂಕಗಳಲ್ಲಿ ಪರಿಹಾರವಿದೆಯೇ ಎಂದು ಹೇಳುವ ಸಾಮಾನ್ಯ ವಿಧಾನವಿದೆಯೇ ಎಂಬ ಪ್ರಶ್ನೆ) ಉತ್ತರ ತಂದುಕೊಟ್ಟ ನಾಲ್ವರಲ್ಲಿ ಒಬ್ಬರಾದರು. ವಾರಕ್ಕೆ 16 ಗಂಟೆ ಪಾಠ ಎಂದು ನೀವು ನಿಟ್ಟುಸಿರಿಟ್ಟಿರಲ್ಲ, ಆ 16 ಗಂಟೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದವರು ಇವರು.

ಉತ್ತರ 2: ಗಂಗಾವತಿಯವ, ಕೊಪ್ಪಳ ಜಿಲ್ಲೆ

ಗುರುಗಳು ಬರೆದದ್ದಕ್ಕೆ ಸೇರಿಸುವುದು ಹೆಚ್ಚಿಲ್ಲ. ಎರಡನೆಯ ಪ್ರಶ್ನೆಯನ್ನು ಮಾತ್ರ ನಾನು ತೆಗೆದುಕೊಳ್ಳುತ್ತೇನೆ, ಏಕೆಂದರೆ ‘ಹತ್ತು ವರ್ಷ ಮೊದಲೇ ಕಂಡಿದ್ದರು’ ಎಂಬ ಮಾತು ಕೇಳಲು ಚೆನ್ನ, ಆದರೆ ಹಾಗೆಯೇ ಬಿಟ್ಟರೆ ಗೋಡೆಲ್ ಅವರಿಗೂ ಅನ್ಯಾಯ, ಪೋಸ್ಟ್ ಅವರಿಗೂ ಅನ್ಯಾಯ.

ಪ್ರಿನ್ಸ್‌ಟನ್ನಿನಲ್ಲಿದ್ದ 1920–21ರ ಆ ವರ್ಷ ಪೋಸ್ಟ್ ಹೊರಟದ್ದು ತೀರ ಬೇರೆ ಕೆಲಸಕ್ಕೆ. ಪ್ರಬಂಧದಲ್ಲಿ ‘ಪ್ರಿನ್ಸಿಪಿಯಾ’ದ ಒಂದು ಸಣ್ಣ ಭಾಗಕ್ಕೆ ಸತ್ಯಾಸತ್ಯ ತೀರ್ಮಾನಿಸುವ ವಿಧಾನ ಸಿಕ್ಕಿತ್ತಲ್ಲ, ಅದನ್ನು ಇಡೀ ಗ್ರಂಥಕ್ಕೆ ಹಿಗ್ಗಿಸಬೇಕೆಂದು ಹೊರಟರು. ಅರ್ಥವನ್ನೆಲ್ಲ ಪಕ್ಕಕ್ಕಿಟ್ಟು, ಸೂತ್ರಗಳನ್ನು ಬರೀ ಅಕ್ಷರಗಳ ಸಾಲು ಎಂದು ನೋಡುತ್ತ ಹೋದಾಗ ನಿಯಮಗಳು ಸರಳವಾಗುತ್ತ ಬಂದವು: ಸಾಲಿನ ತಲೆಯಲ್ಲಿ ಒಂದಿಷ್ಟು ಅಕ್ಷರ ಕತ್ತರಿಸು, ಬಾಲಕ್ಕೆ ಬೇರೊಂದಿಷ್ಟು ಅಂಟಿಸು. ಹೀಗೆ ಇಳಿಯುತ್ತ ಇಳಿಯುತ್ತ ಅವರು ಬಂದು ನಿಂತದ್ದು ಮಕ್ಕಳಾಟದಂತೆ ಕಾಣುವ ಒಂದು ನಿಯಮದ ಮುಂದೆ. 0 ಮತ್ತು 1ರ ಒಂದು ಸಾಲು ತೆಗೆದುಕೊಳ್ಳಿ. ಮೊದಲ ಅಂಕಿ 0 ಆಗಿದ್ದರೆ ಕೊನೆಗೆ 00 ಸೇರಿಸಿ, 1 ಆಗಿದ್ದರೆ 1101 ಸೇರಿಸಿ. ನಂತರ ಮುಂದಿನಿಂದ ಮೂರು ಅಂಕಿ ಅಳಿಸಿ. 10010 ಎಂದು ಶುರು ಮಾಡಿದರೆ 101101 ಬರುತ್ತದೆ, ಅದರಿಂದ 1011101, ಮತ್ತೆ 11011101. ಉದ್ದ ಐದರಿಂದ ಹತ್ತರವರೆಗೆ ಒಂದೊಂದೇ ಏರುತ್ತದೆ, ಇನ್ನು ಏರುತ್ತಲೇ ಹೋಗುತ್ತದೆ ಎನ್ನುವಷ್ಟರಲ್ಲಿ ಮೊದಲ ಅಂಕಿ 0 ಬಂದು ಒಂಬತ್ತಕ್ಕೆ ಇಳಿಯುತ್ತದೆ. ಯಾವ ಸಾಲು ಕರಗಿ ಹೋಗುತ್ತದೆ, ಯಾವುದು ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬರುತ್ತದೆ, ಯಾವುದು ಬೆಳೆಯುತ್ತಲೇ ಹೋಗುತ್ತದೆ ಎಂದು ಮೊದಲೇ ಹೇಳಲು ಅವರಿಗೆ ಆಗಲಿಲ್ಲ. ತಲೆ ಬಾಲವನ್ನು ಅಟ್ಟಿಸಿಕೊಂಡು ಹೋಗುವುದರಿಂದ ಇದಕ್ಕೆ ‘ಟ್ಯಾಗ್’ ಎಂಬ ಹೆಸರು ಬಂತು. ನಮ್ಮ ಹುಡುಗರ ಮುಟ್ಟಾಟವೇ ಅದು. ಇಂಥ ನಿಯಮಗಳಿಂದ ಟ್ಯೂರಿಂಗ್ ಯಂತ್ರದ ಕೆಲಸವನ್ನೆಲ್ಲ ಮಾಡಿಸಬಹುದು ಎಂದು ಮಾರ್ವಿನ್ ಮಿನ್ಸ್ಕಿ 1961ರಲ್ಲಿ ತೋರಿಸಿದ ಮೇಲೆಯೇ, ಪೋಸ್ಟ್ ಯಾವ ಬಂಡೆಗೆ ತಲೆ ಚಚ್ಚಿಕೊಂಡಿದ್ದರು ಎಂಬುದು ಸ್ಪಷ್ಟವಾದದ್ದು.

ಇಲ್ಲಿ ಪೋಸ್ಟ್ ದಿಕ್ಕನ್ನೇ ಬದಲಿಸಿದರು. ತೀರ್ಮಾನದ ವಿಧಾನವನ್ನು ಹುಡುಕುವ ಬದಲು, ಅಂಥ ವಿಧಾನ ಇರಲಾರದು ಎಂದು ಕರ್ಣವಾದದಿಂದ (ಇದೆ ಎಂದುಕೊಂಡು, ಅದನ್ನು ಅದರ ಮೇಲೆಯೇ ತಿರುಗಿಸಿ ವಿರೋಧ ತೋರಿಸುವ ವಾದ) ಕಂಡುಕೊಂಡರು; ವಿಧಾನವಿಲ್ಲ ಎಂದಾದರೆ ಯಾವ ತರ್ಕವ್ಯವಸ್ಥೆಯೂ ಪೂರ್ಣವಾಗಿರಲಾರದು ಎಂದೂ ಅದರಿಂದಲೇ ತೆಗೆದರು. ಇದು ನಡೆದದ್ದು 1921ರಲ್ಲಿ, ನಿಜ. ಗೋಡೆಲ್ ಲೇಖನ ಬಂದದ್ದು 1931ರಲ್ಲಿ, ಅದೂ ನಿಜ. ಆದರೆ ಪೋಸ್ಟ್ ಅವರ ವಾದದಲ್ಲಿ ಒಂದು ಕೊಂಡಿ ಇದೆ: ಮನುಷ್ಯನು ನಿಯಮ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಮಾಡಬಲ್ಲ ಎಲ್ಲವೂ ತನ್ನ ಕತ್ತರಿಸಿ ಅಂಟಿಸುವ ನಿಯಮಗಳೊಳಗೆ ಬರುತ್ತದೆ ಎಂಬುದು ಆ ಕೊಂಡಿ. ಅದು ಗಣಿತದಿಂದ ಸಾಧಿಸುವ ಮಾತಲ್ಲ, ಪರೀಕ್ಷಿಸುತ್ತ ನಂಬಿಕೆ ಗಟ್ಟಿಮಾಡಿಕೊಳ್ಳಬೇಕಾದ ಮಾತು. ಗೋಡೆಲ್ ಆ ಕೊಂಡಿಯ ಹಂಗೇ ಇಲ್ಲದೆ, ಇಂಥದ್ದೇ ವ್ಯವಸ್ಥೆ, ಅದರಲ್ಲಿ ಸಾಧಿಸಲಾಗದ ವಾಕ್ಯ ಇದು ಎಂದು ಕಟ್ಟಿ ನಿಲ್ಲಿಸಿದರು. ಪೋಸ್ಟ್ ಅವರದ್ದು ಹೆಚ್ಚು ವಿಶಾಲ, ಗೋಡೆಲ್ ಅವರದ್ದು ಹೆಚ್ಚು ಭದ್ರ. ವಿಶಾಲವಾದದ್ದನ್ನು ಭದ್ರ ಮಾಡದೆ ಅಚ್ಚಿಗೆ ಕೊಡಬಾರದು ಎಂದು ಪೋಸ್ಟ್ ಕಾದರು. ಅದನ್ನು ದುರದೃಷ್ಟ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಅದು ಅವರ ಸ್ವಭಾವ. ಕಾಯಿಲೆ ಆ ಸ್ವಭಾವಕ್ಕೆ ಕಾಲವನ್ನು ಕೊಡಲಿಲ್ಲ, ಅಷ್ಟೇ. ಹದಿನೈದು ವರ್ಷಗಳ ನಂತರವೂ, ಗಣನೆ ಎಂದರೆ ಇದೇ ಎಂದು ಚರ್ಚ್ ಅವರು ವ್ಯಾಖ್ಯೆಯಾಗಿ ಹೇಳಿಬಿಟ್ಟದ್ದನ್ನು ಪೋಸ್ಟ್ ಒಪ್ಪಲಿಲ್ಲ. ವ್ಯಾಖ್ಯೆ ಎಂದು ಕರೆದರೆ ಪರೀಕ್ಷಿಸುವ ಅಗತ್ಯವನ್ನೇ ಮುಚ್ಚಿಟ್ಟಂತೆ ಎಂಬುದು ಅವರ ಆಕ್ಷೇಪ.

ಅವರು ಗೋಡೆಲ್ ಅವರನ್ನು ಭೇಟಿಯಾದದ್ದು 1938ರ ಅಕ್ಟೋಬರಿನಲ್ಲಿ. ಭೇಟಿಯ ಬಳಿಕ ಒಂದು ಕಾರ್ಡು ಬರೆದರು, ಮರುದಿನ ಕಾಗದ ಬರೆದರು. ಹದಿನೈದು ವರ್ಷ ಮನಸ್ಸಿನಲ್ಲಿ ಹೊತ್ತು ತಿರುಗಿದ ಕನಸನ್ನು ಇಲ್ಲವಾಗಿಸಿದ ಮನುಷ್ಯನನ್ನೇ ಎದುರಿಗೆ ಕಂಡು ಭಾವಾವೇಶಕ್ಕೆ ಒಳಗಾದೆ ಎಂದು ಒಪ್ಪಿಕೊಂಡರು. ತಾನು ಗೋಡೆಲ್ ಆಗಿದ್ದರೆ 1921ರಲ್ಲೇ ಗೋಡೆಲ್ ಪ್ರಮೇಯವನ್ನು ಸಾಧಿಸುತ್ತಿದ್ದೆ ಎಂಬರ್ಥದ ಮಾತನ್ನೂ ಬರೆದರು. ಅದರಲ್ಲಿ ನನಗೆ ಕಹಿ ಕಾಣುವುದಿಲ್ಲ. ತನ್ನ ವಾದದ ಕೊಂಡಿ ಎಲ್ಲಿ ಸಡಿಲ ಎಂದು ಚೆನ್ನಾಗಿ ಬಲ್ಲವನ ಮಾತು ಅದು. 1941ರಲ್ಲಿ ಆ ಹಳೆಯ ಕೆಲಸದ ಪೂರ್ಣ ವೃತ್ತಾಂತವನ್ನು ಒಂದು ಪತ್ರಿಕೆಗೆ ಕಳುಹಿಸಿದಾಗ, ಅದರ ಸಂಪಾದಕರ ಪರವಾಗಿ ಗಣಿತಜ್ಞ ಹರ್ಮನ್ ವೈಲ್ ಅವರು, ಇದಕ್ಕೆ ಅಂದು ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂದು ಒಪ್ಪಿದರೂ, ಕಾಲವನ್ನು ಹಿಂದಕ್ಕೆ ತಿರುಗಿಸಲಾಗದು ಎಂದು ಹಿಂತಿರುಗಿಸಿದರು. ಅದರಲ್ಲಿದ್ದ ಗಣಿತದ ತಿರುಳು 1943ರಲ್ಲಿ ಚಿಕ್ಕದಾಗಿ ಅಚ್ಚಾಯಿತು. ಪೂರ್ಣ ವೃತ್ತಾಂತವನ್ನು ಡೇವಿಸ್ ಅವರೇ 1965ರಲ್ಲಿ ಹೊರತಂದರು.

ಉತ್ತರ 3: ಸಿರುಗುಪ್ಪದ ಮಗಳು, ಈಗ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ

ಸರ್, ಮೂರನೆಯ ಪ್ರಶ್ನೆಗೆ ನಾನು ಒಂದು ದಾರಿ ಹೇಳಬಲ್ಲೆ. ನಮ್ಮಜ್ಜಿ ಹಳೆಯ ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದರು. ಎರಡು ಪಟ್ಟಿಗಳಿರುವ ಕೌದಿಯನ್ನು ಕಲ್ಪಿಸಿಕೊಳ್ಳಿ, ಮೇಲೊಂದು, ಕೆಳಗೊಂದು. ನಿಮ್ಮ ಬಳಿ ಕೆಲವು ಬಗೆಯ ಜೋಡಿ ತುಂಡುಗಳಿವೆ. ಮೇಲಿನ ಪಟ್ಟಿಗೆ ಒಂದು ತುಂಡು ಹಾಕಿದರೆ ಅದರ ಜೊತೆಯ ತುಂಡನ್ನು ಕೆಳಗಿನ ಪಟ್ಟಿಗೆ ಹಾಕಲೇಬೇಕು, ಆದರೆ ಎರಡರ ಉದ್ದ ಒಂದೇ ಇರಬೇಕಿಲ್ಲ. ಒಂದೇ ಬಗೆಯ ಜೋಡಿಯನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಕೊನೆಗೆ ಎರಡೂ ಪಟ್ಟಿಗಳು ಒಂದೇ ಕಡೆ ಮುಗಿಯಬೇಕು, ಬಣ್ಣಗಳ ಕ್ರಮವೂ ಮೇಲೆ ಕೆಳಗೆ ಒಂದೇ ಆಗಿರಬೇಕು. ಇಷ್ಟೇ ಪೋಸ್ಟ್ ಸಮಸ್ಯೆ. ಕರೆಸ್ಪಾಂಡೆನ್ಸ್ ಎಂದರೆ ಇಲ್ಲಿ ಮೇಲಿನದಕ್ಕೂ ಕೆಳಗಿನದಕ್ಕೂ ತಾಳೆಯಾಗುವುದು.

ತರಗತಿಯಲ್ಲಿ ರಟ್ಟಿನ ಬಿಲ್ಲೆ ಮಾಡಿಸಿ. ಮೊದಲ ಆಟಕ್ಕೆ ಎರಡೇ ಬಿಲ್ಲೆ ಸಾಕು: ಒಂದರ ಮೇಲೆ ‘ಕ’, ಕೆಳಗೆ ‘ಕಮ’, ಇನ್ನೊಂದರ ಮೇಲೆ ‘ಮಲ’, ಕೆಳಗೆ ‘ಲ’. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೇಲೂ ‘ಕಮಲ’, ಕೆಳಗೂ ‘ಕಮಲ’. ಎಲ್ಲರೂ ಅರ್ಧ ನಿಮಿಷದಲ್ಲಿ ಮಾಡುತ್ತಾರೆ, ಇದೇನು ಮಹಾ ಎನ್ನುತ್ತಾರೆ. ಆಗ ಎರಡನೆಯ ಆಟ ಕೊಡಿ. ‘ಅ’ ಬಿಲ್ಲೆ: ಮೇಲೆ 100, ಕೆಳಗೆ 1. ‘ಬ’ ಬಿಲ್ಲೆ: ಮೇಲೆ 0, ಕೆಳಗೆ 100. ‘ಕ’ ಬಿಲ್ಲೆ: ಮೇಲೆ 1, ಕೆಳಗೆ 00. ಮೂರೇ ಬಗೆ, ಯಾವುದರಲ್ಲೂ ಮೂರಕ್ಕಿಂತ ಹೆಚ್ಚು ಅಂಕಿ ಇಲ್ಲ. ಇದಕ್ಕೆ ಉತ್ತರವಿದೆ, ಆದರೆ ಅತಿ ಚಿಕ್ಕ ಉತ್ತರಕ್ಕೇ 75 ಬಿಲ್ಲೆಗಳು ಬೇಕು.

ಏಕೆ ಯಾವ ಪ್ರೋಗ್ರಾಮೂ ಎಲ್ಲ ಆಟಗಳಿಗೆ ಹೌದು ಅಥವಾ ಇಲ್ಲ ಎಂದು ಹೇಳಲಾರದು ಎಂಬುದಕ್ಕೆ: ಬಿಲ್ಲೆಗಳನ್ನು ಜಾಣತನದಿಂದ ಮಾಡಿದರೆ ಕೆಳಗಿನ ಸಾಲು ಸದಾ ಮೇಲಿನದಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ, ಮತ್ತು ಆ ಮುಂದಿನ ತುಂಡು ಒಂದು ಟ್ಯೂರಿಂಗ್ ಯಂತ್ರದ ಮುಂದಿನ ಸ್ಥಿತಿಯೇ ಆಗಿರುತ್ತದೆ. ಮೇಲಿನ ಸಾಲು ಅದನ್ನು ನಕಲು ಮಾಡುತ್ತ ಹಿಂದೆ ಓಡುತ್ತದೆ. ಯಂತ್ರ ನಿಂತರೆ ಮಾತ್ರ ಮೇಲಿನದು ಕೆಳಗಿನದನ್ನು ಹಿಡಿಯುತ್ತದೆ. ಹಾಗಾಗಿ ಬಿಲ್ಲೆಗಳ ಆಟಕ್ಕೆ ಉತ್ತರವಿದೆಯೇ ಎಂದು ಕೇಳುವುದು, ಯಂತ್ರ ನಿಲ್ಲುತ್ತದೆಯೇ ಎಂದು ಕೇಳಿದಂತೆಯೇ. ಅದನ್ನು ಹೇಳುವ ಸಾಮಾನ್ಯ ವಿಧಾನವಿಲ್ಲ ಎಂದು ನೀವು ಹಿಂದಿನ ಘಟಕದಲ್ಲಿ ಮಾಡಿಯೇ ಇರುತ್ತೀರಿ. ಪೋಸ್ಟ್ ಮಾತ್ರ 1946ರಲ್ಲಿ ಯಂತ್ರದ ಬದಲು ತಮ್ಮ ಹಳೆಯ ಕತ್ತರಿಸಿ ಅಂಟಿಸುವ ನಿಯಮಗಳನ್ನೇ ಬಳಸಿದರು, ಅಂದರೆ 1921ರ ಸಾಮಾನು ವ್ಯರ್ಥವಾಗಲಿಲ್ಲ. ಎರಡು ಬಗೆಯ ಬಿಲ್ಲೆಗಳಾದರೆ ಯಾವಾಗಲೂ ತೀರ್ಮಾನಿಸಬಹುದು ಎಂದು ಮುಂದೆ 1982ರಲ್ಲಿ ಬೇರೆಯವರು ತೋರಿಸಿದರು. ಐದು ಬಗೆಗಳಾದರೆ ಆಗದು ಎಂದು 2015ರಲ್ಲಿ ಮತ್ತೊಬ್ಬರು ತೋರಿಸಿದರು. ನಡುವಿನ ಮೂರು ಮತ್ತು ನಾಲ್ಕು ಇನ್ನೂ ಹಾಗೇ ಉಳಿದಿವೆ. ಮಕ್ಕಳಿಗೆ ಇದನ್ನು ಕೊನೆಗೆ ಹೇಳಿ, ಮೊದಲೇ ಹೇಳಬೇಡಿ.

ಉತ್ತರ 4: ನಿವೃತ್ತ ಮೇಷ್ಟ್ರು, ಬಳ್ಳಾರಿ

ಗಂಗಾವತಿಯವರು ಸ್ವಭಾವ ಎಂದದ್ದನ್ನು ನಾನು ಅರ್ಧ ಒಪ್ಪುತ್ತೇನೆ. ಪ್ರಿನ್ಸ್‌ಟನ್ನಿನಲ್ಲಿ ಇನ್ನೂ ನಾಲ್ಕು ವರ್ಷ ಅವರನ್ನು ಯಾರಾದರೂ ಇಟ್ಟುಕೊಂಡಿದ್ದರೆ, ಆ ಕೊಂಡಿಯನ್ನು ಕುರಿತು ಮಾತನಾಡಲು ಪಕ್ಕದ ಕೋಣೆಯಲ್ಲಿ ಒಬ್ಬರಿದ್ದಿದ್ದರೆ, ಸ್ವಭಾವ ಬೇರೆಯಾಗಿ ಕಾಣುತ್ತಿತ್ತೋ ಏನೋ. 1920ರ ದಶಕದ ಅಮೆರಿಕದಲ್ಲಿ ಈ ವಿಷಯದ ಮೇಲೆ ಮನಸ್ಸಿಟ್ಟವರು ಬೆರಳೆಣಿಕೆಯಷ್ಟು. ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಯಾರ ಜೊತೆ ಮಾತನಾಡಬೇಕು? ಇನ್ನೊಂದು ವಿಷಯ, ಅವರು 1944ರಲ್ಲಿ ಎತ್ತಿದ ಪ್ರಶ್ನೆಗೆ 1956ರಲ್ಲಿ ಮಾಸ್ಕೋದ ಮುಚ್ನಿಕ್ ಮತ್ತು ಅಮೆರಿಕದಲ್ಲಿ ಇನ್ನೂ ಪದವಿ ಓದುತ್ತಿದ್ದ ಫ್ರೀಡ್‌ಬರ್ಗ್ ಬೇರೆ ಬೇರೆಯಾಗಿ ಉತ್ತರ ಕಂಡರು. ಪೋಸ್ಟ್ ತೀರಿಕೊಂಡು ಆಗ ಎರಡು ವರ್ಷ.

ಪ್ರಶ್ನೆ ಕೇಳಿದವರ ಮರುಮಾತು: ಗಣಿತ ಉಪನ್ಯಾಸಕ, ರಾಯಚೂರು

ಎಲ್ಲರಿಗೂ ವಂದನೆಗಳು. ನಿನ್ನೆ ಬಿಲ್ಲೆಗಳನ್ನು ತರಗತಿಗೆ ಒಯ್ದೆ. ಕಿರಾಣಿ ಅಂಗಡಿಯಿಂದ ಬಿಸ್ಕತ್ತಿನ ಖಾಲಿ ಪೆಟ್ಟಿಗೆಗಳನ್ನು ತಂದು, ರಟ್ಟು ಕತ್ತರಿಸಿ, ಪ್ರತಿ ಬಗೆಯದೂ 40ರಂತೆ ಮಾಡಿಸಿದ್ದೆ. ‘ಕಮಲ’ ಸಿರುಗುಪ್ಪದ ಮೇಡಂ ಹೇಳಿದಂತೆಯೇ ಅರ್ಧ ನಿಮಿಷದಲ್ಲಿ ಮುಗಿಯಿತು.

ಎರಡನೆಯ ಆಟಕ್ಕೆ ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಕೂರಿಸಿದೆ. ಫ್ಯಾನ್ ಹಾಕಿದರೆ ಬಿಲ್ಲೆಗಳು ಹಾರುತ್ತಿದ್ದವು, ಹಾಕದಿದ್ದರೆ ಕೂರಲು ಆಗದ ಸೆಕೆ. ಕೊನೆಗೆ ಫ್ಯಾನ್ ಆರಿಸಲು ಅವರೇ ಒಪ್ಪಿದರು. ಮೊದಲ ಬಿಲ್ಲೆ ‘ಅ’ ಆಗಿರಲೇಬೇಕು, ಉಳಿದೆರಡು ಮೊದಲ ಅಂಕಿಯಲ್ಲೇ ತಾಳೆಯಾಗುವುದಿಲ್ಲ ಎಂದು ಎಲ್ಲ ಗುಂಪುಗಳೂ ಬೇಗ ಕಂಡವು. ಮೇಲೆ 00 ಉಳಿಯುತ್ತದೆ, ಆದ್ದರಿಂದ ಎರಡನೆಯದು ‘ಕ’ ಎಂಬುದನ್ನೂ ಕಂಡವು. ಈಗ ಮೇಲೆ ಒಂದೇ ಒಂದು 1 ಉಳಿಯುತ್ತದೆ, ಮೂರನೆಯ ಬಿಲ್ಲೆಗೆ ‘ಅ’ ಕೂಡ ಸರಿ, ‘ಬ’ ಕೂಡ ಸರಿ. ಅಲ್ಲಿಂದ ಗದ್ದಲ ಶುರುವಾಯಿತು. 75 ಎಂದು ನಾನು ಮೊದಲೇ ಹೇಳಿರಲಿಲ್ಲ. ಇಪ್ಪತ್ತು ಬಿಲ್ಲೆ ದಾಟುವ ಹೊತ್ತಿಗೆ ಹುಡುಗನೊಬ್ಬ, ‘ಇದಕ್ಕೆ ಉತ್ತರವೇ ಇಲ್ಲ ಸರ್, ಇಲ್ಲ ಎಂದು ಬರೆದುಬಿಡೋಣ’ ಎಂದ. ಅಂಚೆಯ ಪ್ರಶ್ನೆ ಕೇಳಿದ ಹುಡುಗಿ ಅವನಿಗೆ, ಇಲ್ಲ ಎನ್ನಲು ಎಷ್ಟನೆಯ ಬಿಲ್ಲೆಗೆ ನಿಲ್ಲಿಸಬೇಕು ಎಂದು ನಿನಗೆ ಯಾರು ಹೇಳಿದರು ಎಂದು ಕೇಳಿದಳು. ಅವನಲ್ಲಿ ಉತ್ತರವಿರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಗಂಟೆ ಹೊಡೆದಾಗ ಅವಳ ಗುಂಪು 41ನೆಯ ಬಿಲ್ಲೆಯಲ್ಲಿತ್ತು, ಮೂರನೆಯ ಬಿಲ್ಲೆಯಲ್ಲೇ ತಪ್ಪು ದಾರಿ ಹಿಡಿದಿದ್ದೇವೆಯೇ ಎಂಬ ಅನುಮಾನದೊಂದಿಗೆ. ಮುಂದಿನ ತರಗತಿಯವರು ಬಾಗಿಲಲ್ಲಿ ನಿಂತಿದ್ದರು. ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಬಿಲ್ಲೆಗಳನ್ನು ಕ್ರಮ ತಪ್ಪದಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಸ್ಟಾಫ್ ರೂಮಿನ ನನ್ನ ಅಲಮಾರಿಯಲ್ಲಿ ಇಟ್ಟು ಹೋದರು.